ಬಾತ್‌ಟಬ್ ಸೋರಿಕೆಗೆ ಪುಟ್ಟಿಯೋ, ಸಿಲಿಕೋನೋ?

ನ್ಯೂಜೆರ್ಸಿಯ ನಮ್ಮ ಹಳೇ ಮನೆಯ ಅಡುಗೆಮನೆ ಸೀಲಿಂಗಿನಲ್ಲಿ ಕಾಫಿ ಚೆಲ್ಲಿದಂಥ ಕಲೆ ಕಂಡಾಗ, ಮೇಲಿನ ಬಾತ್‌ರೂಮಿನ ಟೈಲ್ಸ್ ಆಗಲೇ ಕಿತ್ತಾಗಿತ್ತು. ಹೇಗೂ ಎಲ್ಲ ಬಿಚ್ಚಿದೆಯಲ್ಲ, ಟಬ್ಬಿನ ಡ್ರೈನನ್ನೂ ನಾನೇ ನೋಡೋಣ ಅಂತ ಕೈಹಾಕಿದೆ. ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ ಅಪ್ಪ, "ಸುತ್ತ ವೈಟ್ ಸಿಮೆಂಟ್ ಮೆತ್ತಿಬಿಡೋ, ಅದಕ್ಯಾಕೆ ಇಷ್ಟು ರಾಮಾಯಣ?" ಅಂದರು. ಊರಲ್ಲಿ ನೆಲದ ಟ್ರ್ಯಾಪಿಗೆ ನಾವು ಮಾಡುತ್ತಿದ್ದದ್ದು ಅದೇ. ಇಲ್ಲಿ ನಡೆಯಲಿಲ್ಲ.

ಮೊದಲು ಸೋರುವುದು ಎಲ್ಲಿಂದ ಅಂತ ಗೊತ್ತಾಗಬೇಕು. ಮುಚ್ಚಳ ಡ್ರೈನಿನ ಬಾಯಲ್ಲೇ ಕೂರುವ ಟಬ್ಬಾದರೆ ಸುಲಭ: ಮುಚ್ಚಿ, ನಾಲ್ಕು ಇಂಚು ನೀರು ನಿಲ್ಲಿಸಿ, ಕೆಳಗೆ ಹೋಗಿ ನೋಡಿ. ನಿಂತ ನೀರಿಗೇ ಹನಿ ಬಿದ್ದರೆ ದೋಷ ಬಾಯಿಯ ಸುತ್ತಲಿನ ಸೀಲಿನಲ್ಲಿ. ನೀರು ಬಿಟ್ಟಾಗ ಮಾತ್ರ ಬಿದ್ದರೆ ಕೆಳಗಿನ ಜಾಯಿಂಟುಗಳಲ್ಲಿ. ನನ್ನದು ಎರಡೂ!

ಮನೆಯಲ್ಲಿ ಎರಡು ಟಬ್. ಸೋರುತ್ತಿದ್ದದ್ದು ಎನಾಮಲ್ ಹಚ್ಚಿದ ಎರಕದ ಕಬ್ಬಿಣದ್ದು, ನಾಲ್ಕು ಜನ ಹಿಡಿದರೂ ಅಲುಗದು. ಇನ್ನೊಂದು ಹೊಸದಾಗಿ ಕೂರಿಸಬೇಕಿದ್ದ ಆಕ್ರಿಲಿಕ್ ಟಬ್.

ಹಳೆಯದಕ್ಕೆ ಮೊದಲು ಸಿಲಿಕೋನ್ ಹಾಕಿದೆ. ಹೊಸ ಕಾಲದ್ದು, ಗಟ್ಟಿ ಹಿಡಿಯುತ್ತದೆ ಅನ್ನೋ ನಂಬಿಕೆ. ಫ್ಲ್ಯಾಂಜಿನ (ಡ್ರೈನಿನ ಬಾಯಲ್ಲಿ ತಿರುಗಿಸಿ ಕೂರಿಸುವ ಲೋಹದ ಬಳೆ) ಅಂಚಿಗೆ ಹಚ್ಚಿ, ತಿರುಗಿಸಿ ಬಿಗಿಮಾಡಿ, 24 ಗಂಟೆ ಕಾದೆ. ನೀರು ನಿಲ್ಲಿಸಿದರೆ ಕೆಳಗೆ ಒಣ. ಬಿಟ್ಟರೆ ಟಪ್ ಟಪ್. ಟಬ್ಬಿನ ತಳಕ್ಕೂ ಕೆಳಗಿನ ಮೊಣಕೈ ಪೈಪಿಗೂ, ಅಂದರೆ ಪ್ಲಂಬರುಗಳು 'ಶೂ' ಅನ್ನುವುದಕ್ಕೂ ನಡುವೆ ಒಂದು ದಪ್ಪ ರಬ್ಬರ್ ವಾಷರ್ ಇರುತ್ತದೆ; ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಅದು ಒಣಗಿ ಕಲ್ಲಾಗಿತ್ತು.

ಈಗ ಫ್ಲ್ಯಾಂಜ್ ಮತ್ತೆ ಬಿಚ್ಚಬೇಕಲ್ಲ! ಸಿಲಿಕೋನ್ ಬಿಡಲೊಲ್ಲದು. ಒಳಗಿನ ಅಡ್ಡಕಡ್ಡಿಗಳು ತುಕ್ಕು ಹಿಡಿದಿದ್ದವು, ಒತ್ತಡಕ್ಕೆ ಮುರಿದವು. ಬಾಯೊಳಗೆ ಅಗಲವಾಗಿ ಕಚ್ಚಿಕೊಳ್ಳುವ ಟೂಲ್ ತಂದು ಬಿಚ್ಚಿ, ಎನಾಮಲ್ ಗೀಚದಂತೆ ಪ್ಲಾಸ್ಟಿಕ್ ಬ್ಲೇಡಿನಿಂದ ಹಳೇ ಸಿಲಿಕೋನ್ ಕೆರೆಯುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಯಿತು. (ಪಕ್ಕದ ಮನೆಯವರು ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಅಂದರು. ಸುತ್ತಿದೆ. ಇಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ವಾಷರ್. ಟೇಪಿನಿಂದ ಏನೂ ಆಗಲಿಲ್ಲ.)

ಎರಡನೇ ಸಲ ಹೊಸ ವಾಷರ್, ಮೇಲೆ ಪ್ಲಂಬರ್ ಪುಟ್ಟಿ, ಅಂದರೆ ನಾದಿದ ಹಿಟ್ಟಿನಂಥ ಮೆತ್ತನೆಯ ಪೇಸ್ಟ್. ಕೋಡುಬಳೆಗೆ ಹೊಸೆದ ಹಾಗೆ ಅಂಗೈಯಲ್ಲಿ ಹೊಸೆದು, ಫ್ಲ್ಯಾಂಜಿನ ಅಡಿ ಸುತ್ತಿ, ತಿರುಗಿಸಿದರೆ ಹೆಚ್ಚಾದದ್ದು ತಾನೇ ಹೊರಗೆ ಉಬ್ಬಿ ಬರುತ್ತದೆ, ಬೆರಳಿನಲ್ಲಿ ತೆಗೆದರಾಯಿತು. ಕಾಯುವ ಮಾತೇ ಇಲ್ಲ, ಆಗಲೇ ನೀರು ತುಂಬಿದೆ. ಎರಡೂ ಪರೀಕ್ಷೆ ಪಾಸ್. ತಪ್ಪಾಗಿದ್ದರೂ ಐದು ನಿಮಿಷದಲ್ಲಿ ಬಿಚ್ಚಬಹುದಿತ್ತು. ಕಬ್ಬಿಣದ ಟಬ್ಬಿಗೆ ಇನ್ನು ಮೇಲೆ ಬೇರೆ ಏನೂ ಬೇಡ.

ಆಕ್ರಿಲಿಕ್ಕಿಗೂ ಅದನ್ನೇ ಮೆತ್ತಲು ಹೊರಟಿದ್ದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಪ್ಲಾಸ್ಟಿಕ್ಕಿಗೆ ಬಳಸಬೇಡಿ ಅಂತಿತ್ತು. ಪುಟ್ಟಿಯೊಳಗಿನ ಎಣ್ಣೆ ಕೆಲವು ಪ್ಲಾಸ್ಟಿಕ್‌ಗಳನ್ನು ಕ್ರಮೇಣ ಹಾಳುಮಾಡುತ್ತದೆ. ಮೇಲಾಗಿ ಆಕ್ರಿಲಿಕ್ ಟಬ್ ಮನುಷ್ಯನ ಭಾರಕ್ಕೆ ತುಸು ಬಾಗುತ್ತದೆ, ಸಿಲಿಕೋನ್ ಅದರ ಜೊತೆ ಹಿಗ್ಗುತ್ತದೆ. ಹಾಗಾಗಿ ಅಲ್ಲಿ ಸಿಲಿಕೋನ್, ಒಂದು ದಿನದ ಕಾಯುವಿಕೆ, ಬಿಚ್ಚುವಾಗ ಬೈಗುಳ. ವಾಷರ್ ಮಾತ್ರ ಮೊದಲೇ ಹೊಸದು.

ಫ್ಲ್ಯಾಂಜ್ ಕೊಳ್ಳಲು ಹೋಗುವವರು ಹಳೆಯದನ್ನು ಜೊತೆಗೆ ಒಯ್ಯಿರಿ. ಥ್ರೆಡ್ಡಿನ ಸುತ್ತುಗಳು ದೂರ ದೂರ ಇರುವುದು, ಒತ್ತೊತ್ತಾಗಿರುವುದು ಎರಡೂ ಬಗೆಯಲ್ಲಿ ಸಿಗುತ್ತದೆ, ಕಣ್ಣಂದಾಜಿಗೆ ಗೊತ್ತಾಗುವುದಿಲ್ಲ. ನಾನು ಅಂಗಡಿಗೆ ಮೂರು ಸಲ ಹೋದೆ.

ಪೈಪ್ ನೋಡಲೆಂದು ಅಡುಗೆಮನೆ ಸೀಲಿಂಗಿನಲ್ಲಿ ಮಾಡಿದ ತೂತನ್ನು ಎರಡು ವಾರ ಮುಚ್ಚಿಲ್ಲ. ಪೈಪಿನ ಜಾಯಿಂಟಿಗೆ ಟಿಶ್ಯೂ ಪೇಪರ್ ಸುತ್ತಿಟ್ಟಿದ್ದೇನೆ, ಒಗ್ಗರಣೆ ಹಾಕುವಾಗೆಲ್ಲ ಹೆಂಡತಿ ತಲೆಯೆತ್ತಿ ನೋಡುತ್ತಾಳೆ. ಇವತ್ತಿನವರೆಗೂ ಒಣಗಿದೆ.