ಪಯೊನೀರ್‌ಟೌನ್‌ಗೆ ಹಾಡು ಕೇಳಲು ಹೊರಟವರೇ, ಟಿಕೆಟ್ ಕೊಳ್ಳುವ ಮುನ್ನ ಇದನ್ನು ಓದಿ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗಾಗಿ, ಅದರಲ್ಲೂ ಊರಿನಿಂದ ಬಂದ ನೆಂಟರನ್ನು ಜೋಶುವಾ ಟ್ರೀ ಕಡೆಗೆ ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ 372 ಡಾಲರ್ ಹೋಯಿತು. ಹಣದ ಮಾತು ಹಾಗಿರಲಿ, ಭಾಮೈದನ ಎದುರು ಗೇಟಿನಲ್ಲಿ ತಲೆ ತಗ್ಗಿಸಿ ನಿಂತದ್ದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತಿದೆ.

ಪಯೊನೀರ್‌ಟೌನ್ ಗೊತ್ತಿಲ್ಲದವರಿಗೆ ಎರಡು ಮಾತು. ಯಕ್ಕಾ ವ್ಯಾಲಿಯಿಂದ ನಾಲ್ಕೈದು ಮೈಲಿ ಮೇಲೆ, ಮರುಭೂಮಿಯ ನಡುವೆ ಇರುವ ಪುಟ್ಟ ಊರು. 1946ರಲ್ಲಿ ಹಾಲಿವುಡ್‌ನವರು ಕೌಬಾಯ್ ಚಿತ್ರಗಳ ಚಿತ್ರೀಕರಣಕ್ಕೆಂದು ಕಟ್ಟಿಸಿದ್ದು. ಅಲ್ಲಿ ಒಂದು ಹಳೆಯ ರೋಡ್‌ಹೌಸ್ ಇದೆ. ಕಟ್ಟಿಗೆ ಕೆಂಡದಲ್ಲಿ ಸುಟ್ಟ ಮಾಂಸದ ಊಟ, ಬಿಯರ್, ಎದುರಿಗೇ ಹಾಡು. 2016ರ ಅಕ್ಟೋಬರಿನಲ್ಲಿ ಬೀಟಲ್ಸ್ ತಂಡದಲ್ಲಿದ್ದ ಪಾಲ್ ಮೆಕಾರ್ಟ್ನಿ ಅಲ್ಲಿಗೆ ಬಂದು ಸುಮಾರು 300 ಜನರ ಮುಂದೆ ಹಾಡಿದ್ದರು. ಶಿವಮೊಗ್ಗದಲ್ಲಿ ಗೆಳೆಯರೊಂದಿಗೆ ತಂಡ ಕಟ್ಟಿಕೊಂಡು ಗಿಟಾರ್ ನುಡಿಸುವ ನನ್ನ ಭಾಮೈದನಿಗೆ ಇದು ಬಾಯಿಪಾಠ. ಮೂರು ವಾರಕ್ಕೆಂದು ಬಂದವನು ಡಿಸ್ನಿಲ್ಯಾಂಡ್ ಬೇಡ, ಲಾಸ್ ವೇಗಸ್ ಬೇಡ, "ಭಾವ, ಅದೊಂದು ಜಾಗ ತೋರಿಸಿಬಿಡಿ ಸಾಕು" ಎಂದ. ಅವನು ಕೇಳಿದ್ದು ಅದೊಂದನ್ನೇ.

ಮೊಬೈಲಿನಲ್ಲಿ ಊರಿನ ಹೆಸರು, ಟಿಕೆಟ್ ಎಂದು ಹುಡುಕಿದೆ. ಮೊದಲ ಸಾಲಿನಲ್ಲಿ ಬಂದ ತಾಣವನ್ನು ಒತ್ತಿದೆ. ನಾನು ಮಾಡಿದ ತಪ್ಪು ಅದು. ತಾಣದ ವಿಳಾಸದಲ್ಲಿ ಊರಿನ ಹೆಸರಿತ್ತು, 'ಬಾಕ್ಸ್ ಆಫೀಸ್' ಎಂಬ ಪದವಿತ್ತು, ಆ ರೋಡ್‌ಹೌಸಿನ ಮುಂಬಾಗಿಲಿನ ಚಿತ್ರವೂ ಇತ್ತು. 'ಜಾಹೀರಾತು' ಎಂಬ ಸಣ್ಣ ಅಕ್ಷರ ಮೇಲೆ ಇದ್ದದ್ದು ಕಾಣಲಿಲ್ಲ. ಪುಟದ ತಳದಲ್ಲಿ, ಬೂದು ಬಣ್ಣದಲ್ಲಿ, 'ನಾವು ಮರುಮಾರಾಟಗಾರರು, ಬೆಲೆ ಮೂಲ ಬೆಲೆಗಿಂತ ಹೆಚ್ಚಿರಬಹುದು' ಎಂದು ಬರೆದಿದ್ದಾರೆ. ಅದನ್ನು ನಾನು ಓದಿದ್ದು ಎಲ್ಲ ಮುಗಿದ ಮೇಲೆ.

ಒಂದು ಟಿಕೆಟ್‌ಗೆ 124 ಡಾಲರ್. 2025ರ ಮೇ 12ರಿಂದ ಟಿಕೆಟ್ ಮಾರುವವರು ಶುಲ್ಕವೆಲ್ಲ ಸೇರಿಸಿ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕೆಂಬ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಬಂದಿದೆಯಲ್ಲ, ಇವರು ಮೊದಲೇ ತೋರಿಸಿದರು. ಅದಕ್ಕೇ ನಂಬಿದೆ. ಬೆಲೆ ಬಚ್ಚಿಡದವನು ಟಿಕೆಟ್ಟನ್ನೇ ಬಚ್ಚಿಡುತ್ತಾನೆ ಎಂದು ಯಾರಿಗೆ ಹೊಳೆಯುತ್ತದೆ? ನಿಜವಾದ ಬೆಲೆ 38 ಡಾಲರ್ ಎಂದು ತಿಳಿದದ್ದು ಗೇಟಿನಲ್ಲಿ ನಿಂತಾಗ.

ಹಣ ಕಟ್ಟಿದ ತಕ್ಷಣ ಟಿಕೆಟ್ ಬರಲಿಲ್ಲ. 'ಕಾರ್ಯಕ್ರಮದ ದಿನ ಕಳುಹಿಸುತ್ತೇವೆ' ಎಂಬ ಇಮೇಲ್ ಬಂತು. ಶನಿವಾರ ಮಧ್ಯಾಹ್ನ ಅರ್ವೈನ್‌ನಿಂದ ಹೊರಟೆವು. ನೂರು ಮೈಲಿಗೂ ಹೆಚ್ಚಿನ ದಾರಿ. ಗಾಳಿಯಂತ್ರಗಳ ಸಾಲು ದಾಟಿ 62ನೆಯ ಹೆದ್ದಾರಿ ಹತ್ತಿದರೂ ಟಿಕೆಟ್ ಇಲ್ಲ. ಯಕ್ಕಾ ವ್ಯಾಲಿಯ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದಾಗ, ಐದು ಗಂಟೆ ದಾಟಿದ ಮೇಲೆ, ಮೂರು ಪುಟದ ಕಡತವೊಂದು ಬಂತು. ಭಾಮೈದ ಕೈ ತಟ್ಟಿದ. ನಾನೂ ನಿಟ್ಟುಸಿರು ಬಿಟ್ಟೆ.

ಗೇಟಿನಲ್ಲಿದ್ದ ಹುಡುಗಿ ಮೊದಲ ಪುಟದ ಮೇಲೆ ಯಂತ್ರ ಹಿಡಿದಳು. ಕೆಂಪು ದೀಪ. ಎರಡನೆಯದು, ಕೆಂಪು. ಮೂರನೆಯದು, ಕೆಂಪು. ನನ್ನ ಮೊಬೈಲನ್ನು ಕೈಗೆ ತೆಗೆದುಕೊಂಡು ಪುಟಗಳನ್ನು ಹಿಂದೆ ಮುಂದೆ ಸರಿಸಿ ನೋಡಿ, "ಇದು ನಮ್ಮ ಟಿಕೆಟ್ ಅಲ್ಲ ಸರ್, ಮೂರರಲ್ಲೂ ಒಂದೇ ಸಂಖ್ಯೆ ಇದೆ" ಎಂದಳು. ನೋಡಿದೆ. ಮೂರು ಬಾರ್‌ಕೋಡ್‌ಗಳ ಕೆಳಗೂ ಕೊನೆಯ ನಾಲ್ಕು ಅಂಕಿ 7719, 7719, 7719. ಬಂಕಿನಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದುಕೊಂಡಿದ್ದೆ, ನನ್ನ ಕಣ್ಣಿಗೆ ಅದು ಬೀಳಲಿಲ್ಲ. "ಈ ವಾರ ಹೀಗೆ ಬಂದವರಲ್ಲಿ ನೀವು ಮೊದಲಿಗರಲ್ಲ" ಎಂದೂ ಹೇಳಿದಳು. ಸಮಾಧಾನ ಮಾಡಲೆಂದೇ ಹೇಳಿದ್ದು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಹಿಂದೆ ಸಾಲಿನಲ್ಲಿದ್ದವರು ನೋಡುತ್ತಿದ್ದರು. ಬೇರೆ ಟಿಕೆಟ್ ಕೊಳ್ಳೋಣವೆಂದರೆ ಎಲ್ಲ ಮುಗಿದಿತ್ತು. ರೋಡ್‌ಹೌಸಿನವರದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಯಾರಾದರೂ ಟಿಕೆಟ್ ಹಿಂದಿರುಗಿಸುತ್ತಾರೇನೋ ಎಂದು ಆ ಹುಡುಗಿ ಅರ್ಧ ಗಂಟೆ ನಮಗಾಗಿ ಕಾದು ನೋಡಿದಳು.

ತಾಣದವರ ಸಹಾಯವಾಣಿಗೆ ಬರೆದೆ. ಅಲ್ಲಿ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾರಿನ ಮೇಲೆ ಕೈ ಎತ್ತಿ ಹಿಡಿದುಕೊಂಡು ಸಂದೇಶ ಕಳುಹಿಸಿದೆ. ಬಂದ ಉತ್ತರಗಳನ್ನು ಕನ್ನಡದಲ್ಲಿ ಕೊಡುತ್ತೇನೆ, ಓದಿ.

"ನಮ್ಮ ದಾಖಲೆಯ ಪ್ರಕಾರ ನಿಮ್ಮ ಟಿಕೆಟ್‌ಗಳು ಸರಿಯಾಗಿವೆ. ದಯವಿಟ್ಟು ಸ್ಥಳದ ಸಿಬ್ಬಂದಿಯೊಂದಿಗೆ ಮಾತನಾಡಿ."

ಮಾತನಾಡಿಯೇ ಬರೆಯುತ್ತಿದ್ದೇನೆ, ಮೂರಕ್ಕೂ ಒಂದೇ ಸಂಖ್ಯೆ ಹೇಗೆ ಸರಿಯಾಗುತ್ತದೆ ಎಂದು ಕೇಳಿದೆ.

"ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ. ಪರದೆಯ ಬೆಳಕನ್ನು ಹೆಚ್ಚಿಸಿ ಮತ್ತೆ ಪ್ರಯತ್ನಿಸಿ."

ಪರದೆಯ ಬೆಳಕು! ಮರುಭೂಮಿಯ ಚಳಿಯಲ್ಲಿ ಹೆಂಡತಿಯನ್ನೂ ಅವಳ ತಮ್ಮನನ್ನೂ ಬೀದಿಯಲ್ಲಿ ನಿಲ್ಲಿಸಿಕೊಂಡಿದ್ದೇನೆ, ಇವರಿಗೆ ನನ್ನ ಪರದೆಯ ಬೆಳಕಿನ ಚಿಂತೆ. ಹಣ ವಾಪಸು ಕೊಡಿ ಎಂದದ್ದಕ್ಕೆ, ಪ್ರವೇಶ ನಿರಾಕರಿಸಿದ್ದಾಗಿ ಸ್ಥಳದವರ ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿಸಿದ ಪತ್ರವನ್ನು 48 ಗಂಟೆಯೊಳಗೆ ಕಳುಹಿಸಬೇಕಂತೆ. ಸೋಮವಾರ ರೋಡ್‌ಹೌಸಿನವರು ಪಾಪ, ಇಮೇಲ್ ಬರೆದುಕೊಟ್ಟರು. ಅದನ್ನು ಕಳುಹಿಸಿದರೆ, ಲೆಟರ್‌ಹೆಡ್ ಇಲ್ಲ, ಆಗುವುದಿಲ್ಲ ಎಂದರು. ಕೊನೆಗೆ ಅವರದೇ ತಾಣದಲ್ಲಿ ಒಂದು ವರ್ಷದೊಳಗೆ ಬಳಸಬಹುದಾದ ಕೂಪನ್ ಕೊಡುತ್ತಾರಂತೆ. ಮೋಸ ಮಾಡಿದವರ ಹತ್ತಿರವೇ ಮತ್ತೆ ಕೊಳ್ಳಬೇಕಂತೆ.

ಆ ರಾತ್ರಿ ನಾವು ತಕ್ಷಣ ಹೊರಡಲಿಲ್ಲ. ಒಳಗೆ ಹಾಡು ಶುರುವಾಗಿತ್ತು. ಮಣ್ಣಿನ ಬೀದಿಯವರೆಗೂ ಡ್ರಮ್ಮಿನ ಸದ್ದು ಬರುತ್ತಿತ್ತು, ಹಾಡಿನ ಮಾತು ಮಾತ್ರ ಗೋಡೆಯಾಚೆಗೇ ಉಳಿಯುತ್ತಿತ್ತು. ಭಾಮೈದ ಕಾರಿಗೆ ಒರಗಿಕೊಂಡು, ಎಡಗೈ ಬೆರಳುಗಳನ್ನು ಇಲ್ಲದ ಗಿಟಾರಿನ ಮೇಲೆ ಆಡಿಸುತ್ತ, ಮೂರು ಹಾಡು ಮುಗಿಯುವವರೆಗೆ ನಿಂತಿದ್ದ. ಆಮೇಲೆ "ಹೋಗಲಿ ಬಿಡಿ ಭಾವ, ಜಾಗ ನೋಡಿದೆನಲ್ಲ" ಎಂದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಹೆಂಡತಿ ಬ್ಯಾನಿಂಗ್ ದಾಟುವವರೆಗೆ ತುಟಿ ಬಿಚ್ಚಲಿಲ್ಲ. ಅವನು ಊರಿಗೆ ಮರಳಿ ಎರಡು ವಾರವಾಯಿತು.

ದಯವಿಟ್ಟು ಹುಡುಕಾಟದಲ್ಲಿ ಮೊದಲು ಬಂದದ್ದನ್ನು ಒತ್ತಬೇಡಿ. ರೋಡ್‌ಹೌಸಿಗೇ ಫೋನ್ ಮಾಡಿ, ಟಿಕೆಟ್ ಯಾವ ತಾಣದಲ್ಲಿ ಮಾರುತ್ತೀರಿ ಎಂದು ಕೇಳಿ, ಎರಡು ನಿಮಿಷದ ಕೆಲಸ. 'ಆ ದಿನವೇ ಕಳುಹಿಸುತ್ತೇವೆ' ಎಂದರೆ ಅವರ ಕೈಯಲ್ಲಿ ಟಿಕೆಟ್ ಇಲ್ಲದಿರಬಹುದು, ದೂರವಿರಿ. ಕ್ರೆಡಿಟ್ ಕಾರ್ಡ್ ಬಿಟ್ಟು ಬೇರೆ ಯಾವುದರಲ್ಲೂ ಹಣ ಕಟ್ಟಬೇಡಿ. ಕಟ್ಟಿ ಮೋಸಹೋಗಿದ್ದರೆ ಕೂಪನ್‌ಗೆ ಒಪ್ಪಬೇಡಿ. ಬಿಲ್ ಕಳುಹಿಸಿದ ದಿನದಿಂದ 60 ದಿನದೊಳಗೆ ಬ್ಯಾಂಕಿಗೆ ಲಿಖಿತವಾಗಿ ದೂರು ಕೊಡಿ. ನಾನು ಕೊಟ್ಟಿದ್ದೇನೆ. 'ಗ್ರಾಹಕರಿಗೆ ಟಿಕೆಟ್ ತಲುಪಿದೆ' ಎಂದು ಆ ತಾಣದವರು ಅದೇ 7719ರ ಮೂರು ಪುಟಗಳನ್ನು ಬ್ಯಾಂಕಿಗೆ ಪುರಾವೆಯಾಗಿ ಕಳುಹಿಸಿದ್ದಾರೆ. ವಿಚಾರಣೆ ನಡೆಯುತ್ತಿದೆ.

ಇವತ್ತು ಬೆಳಿಗ್ಗೆ ಮತ್ತೆ ಹುಡುಕಿದೆ. ಮೊದಲ ಸಾಲಿನಲ್ಲಿ ಅದೇ ತಾಣ. ಮುಂದಿನ ತಿಂಗಳ ಕಾರ್ಯಕ್ರಮವೊಂದಕ್ಕೆ 131 ಡಾಲರ್‌ನಂತೆ ಟಿಕೆಟ್ ಮಾರುತ್ತಿದ್ದಾರೆ, 'ಇನ್ನು ನಾಲ್ಕೇ ಉಳಿದಿವೆ' ಎಂದು ಕೆಂಪಕ್ಷರದಲ್ಲಿ ಹಾಕಿದ್ದಾರೆ. ರೋಡ್‌ಹೌಸಿಗೆ ಫೋನ್ ಮಾಡಿ ಕೇಳಿದೆ. ಆ ಕಾರ್ಯಕ್ರಮದ ಟಿಕೆಟ್ ಮಾರಾಟ ಶುರುವಾಗುವುದೇ ಬರುವ ಶುಕ್ರವಾರವಂತೆ.