ಟ್ಯಾಂಕ್ ಪ್ರೆಶರ್ ಟ್ರಾನ್ಸ್‌ಮೀಟರ್: ಮೂರು ಸೀಸನ್ ಬಳಸಿದ ಮ್ಯಾಲೆ

ಹುಬ್ಬಳ್ಳ್ಯಾಗ ಕುಂತು ಸ್ಕೂಬಾ ಸಾಮಾನಿನ ರಿವ್ಯೂ ಬರೀತಾನ ಅಂತ ನಗಬ್ಯಾಡ್ರಿ, ಮುರುಡೇಶ್ವರ ಇಲ್ಲಿಂದ ನಾಲ್ಕು ತಾಸಿನ ದಾರಿ, ಮಳಿಗಾಲ ಬಿಟ್ಟು ಉಳಿದ ದಿನ ಬಿಡುವು ಸಿಕ್ಕಾಗೆಲ್ಲ ಅಲ್ಲಿಂದ ನೇತ್ರಾಣಿ ದ್ವೀಪಕ್ಕ ಡೈವ್ ಮಾಡಾಕ ಹೋಗಿ ಬರ್ತೀನಿ. ಸಿಲಿಂಡರ್ ಗಾಳಿನ ಉಸಿರಾಡೋ ಹದಕ್ಕ ಇಳಿಸೋ ರೆಗ್ಯುಲೇಟರ್ ಸ್ವಂತದ್ದು, ಅದಕ್ಕ ಈ ಟ್ರಾನ್ಸ್‌ಮೀಟರ್ ಹಾಕೀನಿ, ಸಿಲಿಂಡರ್‌ನಾಗ ಎಷ್ಟು ಬಾರ್ ಒತ್ತಡ ಉಳದೈತಿ ಅಂತ ಕೈಗೆ ಕಟ್ಟೋ ಡೈವ್ ಕಂಪ್ಯೂಟರ್‌ಗೆ ಕಳಸ್ತೈತಿ.

ಕೆಲಸ ಛಲೋ ಮಾಡ್ತೈತಿ. ಕಂಪ್ಯೂಟರ್ ಬಲಗೈಗೆ ಕಟ್ಟಿ ಟ್ರಾನ್ಸ್‌ಮೀಟರ್ ಎಡಕ್ಕ ಇದ್ರ ಸಿಗ್ನಲ್ ಆಗಾಗ ಕಟ್ ಆಗ್ತಿತ್ತು, ಎರಡೂ ಒಂದ ಬಾಜೂಕ ತಂದೆ, ತ್ರಾಸ್ ತಪ್ತು. ಮುಳ್ಳಿನ ಗೇಜ್ ಮಾತ್ರ ಇನ್ನೂ ತೆಗದಿಲ್ಲ, ತೆಗ್ಯಂಗೂ ಇಲ್ಲ.

ತ್ರಾಸ್ ಕೊಟ್ಟಿದ್ದು ಓ-ರಿಂಗ್, ಗಾಳಿ ಸೋರದಂಗ ಬುಡಕ್ಕ ಹಾಕೋ ರಬ್ಬರ್ ಉಂಗುರ. ಎರಡನೇ ಸೀಸನ್‌ನಾಗ ಬುಡದಿಂದ ಸಣ್ಣ ಗುಳ್ಳಿ ಬರಾಕ ಹತ್ತಿದ್ವು, ಬಿಚ್ಚಿ ನೋಡಿದ್ರ ರಿಂಗ್ ಒಂದ್ ಕಡೆ ಚಪ್ಪಟಿ. ಗೋಕುಲ ರೋಡಿನ ಒಂದು ಹೈಡ್ರಾಲಿಕ್ ಅಂಗಡಿಗೆ ಒಯ್ದೆ, ಅಲ್ಲಿ ಕಾಕಾ ಅದನ್ನ ಕಿರುಬೆರಳಿಗೆ ಏರಿಸಿ ತಿರುವಿ ನೋಡಿ "ಯಾವ ಟ್ರ್ಯಾಕ್ಟರ್‌ದ್ರೀ ಇದು" ಅಂದ್ರು. ನೀರಾಗ ಉಸಿರಾಡೋ ಮಷೀನ್‌ದು, 200 ಬಾರ್ ಅಂದೆ. "ಅಷ್ಟನಾ? ಜೆಸಿಬಿ ಲೈನಿನಾಗ ಇದಕ್ಕಿಂತ ಜಾಸ್ತಿ ಇರ್ತೈತಿ" ಅಂತ ಎರಡು ರೂಪಾಯಿದೊಂದು ಕೊಟ್ರು. ಅದು 2 ಮಿ.ಮೀ. ದಪ್ಪ. ಬೇಕಾಗಿದ್ದು 012 ಸೈಜ್, ಒಳಗಿನ ಅಳತಿ 9.25, ದಪ್ಪ 1.78. ಕಣ್ಣಿಗೆ ಎರಡೂ ಒಂದ ಥರ ಕಾಣ್ತಾವು, ಆದ್ರ ಬಿಗಿ ಮಾಡುವಾಗ ದಪ್ಪಂದು ಕಚ್ಚಿನೊಳಗ ಕೂಡ್ಲಿಲ್ಲ, ಅಂಚಿಗೆ ಸಿಕ್ಕು ಕತ್ತರಿಸಿತ್ತು, ಮುಂದಿನ ಸಲ ಬೋಟ್ ಮ್ಯಾಲೆ ವಾಲ್ವ್ ತೆಗದ ಕೂಡ್ಲೆ ಸುಂಯ್ ಅಂತು. ಡೈವ್ ಹೋತು, ರೊಕ್ಕಾನೂ ಹೋತು. ಈಗ 012 ನೈಟ್ರೈಲ್ ರಬ್ಬರ್‌ದು, 90 ಡ್ಯೂರೋ ಗಟ್ಟಿ ಇರೋದು, ಹತ್ತು ತರಿಸಿ ಡಬ್ಬ್ಯಾಗ ಇಟ್ಟೀನಿ. ಹಚ್ಚೋದು ಸಿಲಿಕೋನ್ ಗ್ರೀಸ್ ಅಷ್ಟ, ಅದೂ ಹೊಳಪು ಬರೋವಷ್ಟು. ಗಾಡಿ ಗ್ರೀಸ್ ಬ್ಯಾಡ್ರಿ.

ಕೂಡ್ರಿಸುವಾಗ ಕೈಲೇ ಪೂರಾ ತಿರುವಿ, ಆಮ್ಯಾಲೆ ಬುಡದ ನಟ್ಟಿಗೆ ಸ್ಪ್ಯಾನರ್ ಹಾಕಿ ಸ್ವಲ್ಪ. ಪ್ಲಾಸ್ಟಿಕ್ ಮೈ ಹಿಡದು ತಿರುವಿದ್ರ ಮುರದು ಕೈಗೆ ಬರ್ತೈತಿ. ಬೋಟಿನ ಹುಡುಗ್ರು ಸಿಲಿಂಡರ್ ಎತ್ತುವಾಗ ಇದನ್ನ ಹಿಡಿಕಿ ಅಂತ ತಿಳಕೊಂಡು ಹಿಡೀತಾರ, ಎರಡು ಸಲ ಒದರೀನಿ.

ಹೋಸಿಂದೂ ಹೇಳಿಬಿಡ್ತೀನಿ. ಅದೇ ಕಾಕಾ ಹೊಸಾ ಹೋಸ್ ಪ್ರೆಸ್ ಮಾಡಿ ಕೊಡ್ತೀನಿ ಅಂದ್ರು, ಬ್ಯಾಡ ಅಂದೆ, ಎಣ್ಣಿ ಹರಿಯೋ ಪೈಪಿನ ಗಾಳಿ ಕುಡಿಯಾಕ ನನಗ ಧೈರ್ಯ ಇಲ್ಲ. ತುದಿಯ ರಬ್ಬರ್ ತೋಳು ಹಿಂದ ಸರಿಸಿ ನೋಡ್ರಿ, ಉಪ್ಪು ಅಲ್ಲೇ ಕುಂತಿರ್ತೈತಿ, ಸೀಳೂ ಅಲ್ಲೇ ಶುರು ಆಗ್ತೈತಿ. ಗೇಜಿಗೆ ಹೋಗೋ ಹೈ ಪ್ರೆಶರ್ ಹೋಸ್ ಒಡದ್ರ ಸಪ್ಪಳ ಜೋರು, ಆದ್ರ ಫಸ್ಟ್ ಸ್ಟೇಜ್, ಅಂದ್ರ ಸಿಲಿಂಡರ್‌ಗೆ ಕೂಡ್ರೋ ರೆಗ್ಯುಲೇಟರ್ ಭಾಗದಿಂದ ಅದಕ್ಕ ಗಾಳಿ ಬರೋ ತೂತು ಸೂಜಿ ಮೊನಿಯಷ್ಟ, ಸಿಲಿಂಡರ್ ಬೇಗ ಖಾಲಿ ಆಗೋದು ಬಾಯಿಗೆ ಗಾಳಿ ತರೋ ಅಂಥಾ ಲೋ ಪ್ರೆಶರ್ ಹೋಸ್ ಹೋದ್ರ. ಹಿಂಗಾಗಿ ನಾ ಮೊದ್ಲು ಅವನ್ನ ನೋಡ್ತೀನಿ.

ತೊಳ್ಯಾಕ ಬೋರ್ ನೀರು ಹಾಕಿದ್ರ ಬಿಳಿ ಕಲಿ ಕೂಡ್ತಾವು, ಅದಕ್ಕ ನಳ ಬರೋ ದಿನಾನ ಬಕೆಟ್ ತುಂಬಿಟ್ಟಿರ್ತೀನಿ.

ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಬ್ಯಾಟರಿ ಮುಚ್ಚಳಕ್ಕ, ನಾಣ್ಯ ಹಾಕಿ ತಿರುವಿದ್ರ ಅದರ ಕಚ್ಚು ಸವೀತೈತಿ, ನಂದು ಈಗ ಅರ್ಧ ಸವದೈತಿ.