ಐದು ಸ್ಟಾರ್ ನೋಡಿ ಕಾಫಿ ಗ್ರೈಂಡರ್ ತರಿಸೋ ಮುಂಚೆ ಇದನ್ನ ಓದಿ

ಮನೆಗೆ ಕಾಫಿ ಬೀಜ ಪುಡಿ ಮಾಡೋ ಮಷಿನ್ ಹುಡುಕ್ತಾ ಇದ್ದೀರಾ? 'ಬರ್ ಗ್ರೈಂಡರ್' ಅಂತ ಹೆಸರು, ಎರಡು ಸಾವಿರದೊಳಗೆ ಬೆಲೆ, ಕೆಳಗೆ ಸಾಲು ಸಾಲು ಐದು ಸ್ಟಾರ್. ಇಂಥದ್ದು ಕಣ್ಣಿಗೆ ಬಿದ್ರೆ ದಯವಿಟ್ಟು ಕೈ ಹಾಕಬೇಡಿ. ನನಗೆ ದುಡ್ಡೂ ಹೋಯ್ತು, ಮನೇಲಿ ಮರ್ಯಾದೆಯೂ ಹೋಯ್ತು.

ನಮ್ಮದು ಮಲ್ಲೇಶ್ವರದಲ್ಲಿ ಪೀಬೆರಿ, ಪ್ಲಾಂಟೇಶನ್ ಅಂತ ಎರಡು ಥರದ ಕಾಫಿ ಬೀಜ ಬೆರೆಸಿ ಪುಡಿ ಮಾಡಿಸಿ ತರೋ ಮನೆ. ಪುಡಿ ನಾಲ್ಕು ದಿನಕ್ಕೇ ಘಮ ಕಳ್ಕೊಳ್ಳುತ್ತೆ, ಬೀಜಾನೇ ತಂದಿಟ್ಕೊಂಡು ಬೇಕಾದಾಗ ಪುಡಿ ಮಾಡ್ಕೊಳ್ಳೋಣ ಅಂದೆ. "ಅಂಗಡಿಯವನು ಕಣ್ಣೆದುರಿಗೇ ಪುಡಿ ಮಾಡಿ ಕೊಡ್ತಾನೆ, ಇದೆಲ್ಲ ಯಾಕಮ್ಮ?" ಅಂದ್ರು ಮಾವ. ಮಿಕ್ಸಿ ಬ್ಲೇಡ್ ಬೀಜವನ್ನ ಕೊಚ್ಚುತ್ತೆ, ಅರ್ಧ ತರಿ ಅರ್ಧ ಧೂಳು. ಬರ್ ಆದ್ರೆ ಎರಡು ಹಲ್ಲುಚಕ್ರದ ಮಧ್ಯೆ ಅರೆಯುತ್ತೆ, ಒಂದೇ ಸಮ ಬರುತ್ತೆ, ಎಷ್ಟು ನುಣುಪು ಬೇಕೋ ಡಯಲ್ ತಿರುಗಿಸಿದ್ರಾಯ್ತು ಅಂತ ಅವರಿಗೇ ಪಾಠ ಬೇರೆ ಮಾಡಿದ್ದೆ.

ಡಬ್ಬ ಬಂತು. ಮೇಲೆ ಚೆಂದದ ಡಯಲ್, ನಂಬರುಗಳು, ತಿರುಗಿಸಿದ್ರೆ ಟಿಕ್ ಟಿಕ್ ಸದ್ದು. ಮುಚ್ಚಳ ತೆಗೆದು ಒಳಗೆ ನೋಡ್ತೀನಿ, ಚಟ್ನಿ ಜಾರಿನಲ್ಲಿ ಇರುತ್ತಲ್ಲ, ಅದೇ ಎರಡು ರೆಕ್ಕೆಯ ಬ್ಲೇಡ್! ಚಕ್ರವೂ ಇಲ್ಲ ಮಣ್ಣೂ ಇಲ್ಲ. ಡಯಲ್ ಯಾವುದಕ್ಕೂ ಸೇರೇ ಇಲ್ಲ. ಮುಚ್ಚಳದ ಮೇಲೆ ಸುಮ್ಮನೆ ಕೂರಿಸಿದ್ದಾರೆ, ತಿರುಗಿಸಿ ಖುಷಿಪಡಿ ಅಂತ. ಮಾವ ಪಕ್ಕದಲ್ಲೇ ನಿಂತಿದ್ರು. ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಉರೀತು.

ಆದ್ರೂ ಪುಡಿ ಮಾಡಿ ರಾತ್ರಿ ಫಿಲ್ಟರಿಗೆ ಹಾಕಿದೆ. ಧೂಳು ಹೋಗಿ ತೂತಿಗೆಲ್ಲ ಕಟ್ಕೊಂಡಿದೆ. ಬೆಳಿಗ್ಗೆ ನೋಡಿದ್ರೆ ಮೇಲೆ ನೀರು ನಿಂತಿದೆ, ಕೆಳಗೆ ತಳ ಮುಚ್ಚೋವಷ್ಟೂ ಡಿಕಾಕ್ಷನ್ ಇಲ್ಲ. ಸ್ಪೂನಿನಲ್ಲಿ ಎಷ್ಟು ತಟ್ಟಿದ್ರೂ ಇಳೀಲಿಲ್ಲ.

ಈಗ ಮಾರಿದವರ ಉತ್ತರ ಕೇಳಿ.

"ಮೇಡಂ, ನೈಸಾಗಿ ಬೇಕಿದ್ರೆ ಜಾಸ್ತಿ ಹೊತ್ತು ಒತ್ತಿ ಹಿಡೀರಿ."
"ಹಾಗಾದ್ರೆ ಡಯಲ್ ಯಾಕ್ರೀ?"
"ಅದು ಡಿಸೈನ್ ಮೇಡಂ."

ಡಿಸೈನ್ ಅಂತೆ! ದುಡ್ಡು ವಾಪಸ್ ಕೊಡಿ ಅಂದ್ರೆ ಡಬ್ಬ ಒಡೆಯೋವಾಗ ತೆಗೆದ ವಿಡಿಯೋ ಕಳಿಸಿ ಅಂದ್ರು. ಇಲ್ಲ ಅಂದೆ. "ಎಲ್ಲರೂ ಫೈವ್ ಸ್ಟಾರ್ ಕೊಟ್ಟಿದ್ದಾರೆ, ನಿಮಗೊಬ್ಬರಿಗೇ ಪ್ರಾಬ್ಲಮ್" ಅಂದ್ರು. ನನಗೊಬ್ಬಳಿಗೇ ಅಂತೆ.

ಆ ಫೈವ್ ಸ್ಟಾರ್ ಎಲ್ಲಿಂದ ಬಂತು ಅನ್ನೋದು ಡಬ್ಬದ ತಳದಲ್ಲೇ ಇತ್ತು. ಬಣ್ಣದ ಚೀಟಿ: ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದ್ರೆ ಇನ್ನೂರು ರೂಪಾಯಿ. ಆಮೇಲೆ ಕೂತು ಒಂದೊಂದೇ ಅಭಿಪ್ರಾಯ ಓದಿದೆ. 'ಪ್ಯಾಕಿಂಗ್ ಸೂಪರ್', 'ಡೆಲಿವರಿ ಫಾಸ್ಟ್', 'ಅಪ್ಪನಿಗೆ ಗಿಫ್ಟ್ ಕೊಟ್ಟೆ'. ಪುಡಿ ಹೇಗಿದೆ ಅಂತ ಒಬ್ಬರೂ ಬರೆದಿಲ್ಲ. ಒಬ್ಬರಂತೂ 'ಕೂದಲು ಬೇಗ ಒಣಗುತ್ತೆ' ಅಂತ ಬರೆದಿದ್ದಾರೆ! ಯಾವುದೋ ಡ್ರೈಯರಿನ ಹಳೇ ಸ್ಟಾರುಗಳನ್ನ ತಂದು ಇದಕ್ಕೆ ಅಂಟಿಸಿದ್ದಾರೆ. ಎಲ್ಲೋ ತಳದಲ್ಲಿ, ಒಂದೇ ಸ್ಟಾರ್ ಕೊಟ್ಟವರು ಫೋಟೋ ಹಾಕಿದ್ರು. ಅದೇ ಡಯಲ್, ಅದೇ ಬ್ಲೇಡ್.

ನಾನೂ ಫೋಟೋ ಸಮೇತ ಬರೆದೆ. ಆಗ ಮಾತ್ರ ಮಾರಿದವರು ತಾವಾಗಿಯೇ ಫೋನ್ ಮಾಡಿದ್ರು. "ಅದನ್ನ ತೆಗೆದುಬಿಡಿ ಮೇಡಂ, ಅರ್ಧ ದುಡ್ಡು ಹಾಕ್ತೀವಿ." ಅರ್ಧ! ತೆಗೆಯಲ್ಲ ಅಂದೆ, ಫೋನಿಟ್ಟೆ.

ಹೇಳಿದ್ದೊಂದು, ಕಳಿಸಿದ್ದೊಂದು ಆದ್ರೆ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. 2020ರ ಇ-ಕಾಮರ್ಸ್ ನಿಯಮದಲ್ಲೇ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಆ ಚೀಟಿಯ ಫೋಟೋನೂ ಸೇರಿಸಿದ್ದೀನಿ. ನಿಮಗೂ ಇದೇ ಡಯಲ್ ಬಂದಿದ್ರೆ ಚೀಟಿ ಎಸೀಬೇಡಿ. ತಗೊಳ್ಳಲೇಬೇಕು ಅನ್ನೋರು ಮೊದಲು ಒಂದು ಸ್ಟಾರಿನವರ ಫೋಟೋ ನೋಡಿ, ಒಳಗಿನ ಚಕ್ರ ಕಾಣೋ ಫೋಟೋ ಇಲ್ಲದಿದ್ರೆ ಬಿಟ್ಟುಬಿಡಿ. ಇಲ್ಲ, ಅಂಗಡಿಗೇ ಹೋಗಿ ಮುಚ್ಚಳ ತೆಗೆಸಿ ನೋಡಿ. ಡಬ್ಬ ಒಡೆಯೋವಾಗ ವಿಡಿಯೋನೂ ತೆಗೀರಿ, ಕರ್ಮ.